‘ಅನ್‌ಕಾನ್‌ಸ್ಟಿಟ್ಯೂಷನಲ್’: ಉದ್ದನೆಯ ಪದವನ್ನು ಬಿಡಿಸಿ ಓದುವುದು ಹೇಗೆ?

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಯೋಜನೆಯನ್ನು ರದ್ದುಪಡಿಸಿದಾಗ ಇಂಗ್ಲಿಷ್ ಸುದ್ದಿಯಲ್ಲೆಲ್ಲ ‘ಅನ್‌ಕಾನ್‌ಸ್ಟಿಟ್ಯೂಷನಲ್’ ಎಂಬ ಪದವೇ; ಸಂವಿಧಾನಕ್ಕೆ ವಿರುದ್ಧವಾದದ್ದು ಎಂದರ್ಥ. ಇಂಗ್ಲಿಷಿನಲ್ಲಿ ಬರೆದರೆ (unconstitutional) 16 ಅಕ್ಷರ. ಅರ್ಥ ಬಲ್ಲವರೂ ಗಟ್ಟಿಯಾಗಿ ಓದುವಾಗ ನಡುವೆ ತಡವರಿಸುತ್ತಾರೆ. ಇಂಥ ಪದವನ್ನು ಉರುಹೊಡೆಯಬೇಡಿ. ಅದು ಬೆಳೆದ ಕ್ರಮ ಹಿಡಿದರೆ ಒತ್ತು ಎಲ್ಲಿ ಬೀಳುತ್ತದೆಂಬುದೂ ತಾನಾಗಿ ಸಿಗುತ್ತದೆ.

ಮೊದಲು ಬೇರು ಹುಡುಕಿ. ‘ಕಾನ್‌ಸ್ಟಿಟ್ಯೂಟ್’ ಕ್ರಿಯಾಪದ; ರಚಿಸು, ಸ್ಥಾಪಿಸು ಎಂದರ್ಥ. ‘ಷನ್’ ಎಂದು ಕೇಳುವ ಪ್ರತ್ಯಯ ಸೇರಿ ‘ಕಾನ್‌ಸ್ಟಿಟ್ಯೂಷನ್’ ಎಂಬ ನಾಮಪದವಾಯಿತು. ‘ಅಲ್’ ಸೇರಿ ಗುಣವಾಚಕವಾಯಿತು. ನಿಷೇಧದ ‘ಅನ್’ ಮುಂದೆ ಬಂದು ಕೂತದ್ದು ಕೊನೆಗೆ. ಈ ಕ್ರಮ ಮುಖ್ಯ, ಏಕೆಂದರೆ ‘ಅನ್‌ಕಾನ್‌ಸ್ಟಿಟ್ಯೂಷನ್’ ಎಂಬ ನಾಮಪದ ಬಳಕೆಯಲ್ಲೇ ಇಲ್ಲ.

ಆಮೇಲೆ ಉಚ್ಚಾರಾಂಶ ಎಣಿಸಿ. ಕಿವಿಗೆ ಎಷ್ಟು ಸ್ವರ ಕೇಳುತ್ತವೋ ಅಷ್ಟು: ಅನ್–ಕಾನ್–ಸ್ಟಿ–ಟ್ಯೂ–ಷ–ನಲ್, ಒಟ್ಟು ಆರು. ನಿಘಂಟಿನ ಶೀರ್ಷಿಕೆ ಪದದಲ್ಲಿ ಚುಕ್ಕಿಗಳಿದ್ದರೆ ಅವು ಸಾಲಿನ ಕೊನೆಯಲ್ಲಿ ಪದ ಒಡೆಯುವುದಕ್ಕೆ. ಉಚ್ಚಾರಣೆಗೆ ಅವನ್ನು ನಂಬಬೇಡಿ.

ನಮಗೆ ನಿಜವಾಗಿ ತೊಡಕಾಗುವುದು ಒತ್ತು. ಒತ್ತಕ್ಷರಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಗುರು-ಲಘು ಕಾಲದ ಲೆಕ್ಕ. ಇಂಗ್ಲಿಷಿನಲ್ಲಿ ಒಂದು ಉಚ್ಚಾರಾಂಶ ಉಳಿದವಕ್ಕಿಂತ ಬಲವಾಗಿ, ಎದ್ದು ಕೇಳಬೇಕು. ‘ಕಾನ್‌ಸ್ಟಿಟ್ಯೂಟ್’ನಲ್ಲಿ ಒತ್ತು ಮೊದಲಿನ ‘ಕಾನ್’ ಮೇಲೆ. ‘ಷನ್’ ಬಂದೊಡನೆ ಅದು ತನ್ನ ಹಿಂದಿನ ಉಚ್ಚಾರಾಂಶಕ್ಕೆ ಒತ್ತನ್ನು ಎಳೆದುಕೊಳ್ಳುತ್ತದೆ, ಅಂದರೆ ‘ಟ್ಯೂ’ಗೆ. ‘ಎಜುಕೇಟ್’ನಲ್ಲಿ ‘ಎ’ ಮೇಲಿದ್ದ ಒತ್ತು ‘ಎಜುಕೇಷನ್’ನಲ್ಲಿ ‘ಕೇ’ಗೆ ಜಾರುವುದೂ ಹೀಗೆಯೇ. ‘ಕಾನ್’ಗೆ ಸಣ್ಣ ಒತ್ತಷ್ಟೇ ಉಳಿಯುತ್ತದೆ. ಬಳಿಕ ಸೇರಿದ ‘ಅಲ್’ ಆಗಲಿ ‘ಅನ್’ ಆಗಲಿ ‘ಟ್ಯೂ’ವನ್ನು ಕದಲಿಸುವುದಿಲ್ಲ.

ಒತ್ತು ಸಿಕ್ಕಿದ ಮೇಲೆ ಉಳಿದದ್ದನ್ನು ಸಡಿಲ ಬಿಡಿ. ‘ಸ್ಟಿ’ ಚುಟುಕು, ‘ಷನಲ್’ನ ಎರಡೂ ಸ್ವರಗಳು ಮಸುಕಾದ ‘ಅ’. ಆರಕ್ಕೂ ಸಮ ತೂಕ ಕೊಟ್ಟು ಓದುವ ನಮ್ಮ ರೂಢಿಯಿಂದಲೇ ಕೇಳುವವರಿಗೆ ಪದ ಗುರುತು ಹತ್ತುವುದು ತಡವಾಗುತ್ತದೆ.

ಅಭ್ಯಾಸಕ್ಕೆ ಹಿಂದಿನಿಂದ ಕಟ್ಟುತ್ತ ಬನ್ನಿ: ಷನಲ್, ಟ್ಯೂಷನಲ್, ಸ್ಟಿಟ್ಯೂಷನಲ್, ಕಾನ್‌ಸ್ಟಿಟ್ಯೂಷನಲ್, ಅನ್‌ಕಾನ್‌ಸ್ಟಿಟ್ಯೂಷನಲ್. ಪ್ರತಿ ಸಲವೂ ‘ಟ್ಯೂ’ ಎದ್ದು ಕೇಳಲಿ. ‘ಚೂ’ ಎಂದರೂ ಸರಿಯೇ. ಬ್ರಿಟನ್ನಿನಲ್ಲಿ ಈಗ ಹಾಗೆ ಹೇಳುವವರು ಬಹಳ.

ಬಾಯಿ ಪಳಗಿತೇ? ಹಾಗಾದರೆ ‘ಲಿ’ ಸೇರಿಸಿ, ಒತ್ತು ಅಲ್ಲೇ ಇರುತ್ತದೆ. ‘ಇಟಿ’ ಸೇರಿಸಿದರೆ ಮಾತ್ರ ಒತ್ತು ಮತ್ತೆ ಮುಂದಕ್ಕೆ ಹೋಗಿ ‘ನ್ಯಾ’ ಮೇಲೆ ನಿಲ್ಲುತ್ತದೆ: ಅನ್‌ಕಾನ್‌ಸ್ಟಿಟ್ಯೂಷನ್ಯಾಲಿಟಿ.