ಕತೆಯಿಂದ ‘ಪ್ರೀತಿ’ ತೆಗೆದೆ, ಮನೆಯಲ್ಲಿ ಸಿಕ್ಕಿಬಿದ್ದೆ

ನಾನು ಕತೆ ಬರೆಯಲು ಶುರು ಮಾಡಿದ ಹೊಸತು. ಒಂದು ಪತ್ರಿಕೆಗೆ ಕತೆ ಕಳಿಸಿದ್ದೆ, ವಾಪಸ್ ಬಂತು. ವಾಪಸ್ ಬರುವುದೇನೂ ಹೊಸದಲ್ಲ. ಆದರೆ ಈ ಸಲ ಸಂಪಾದಕರು ಪೆನ್ಸಿಲ್ ಹಿಡಿದು ಓದಿದ್ದರು. ‘ಪ್ರೀತಿ’ ಅನ್ನುವ ಪದ ಬಂದ ಕಡೆಯೆಲ್ಲ ಒಂದೊಂದು ಸುತ್ತು ಹಾಕಿದ್ದರು. ಎಣಿಸಿದೆ, 14 ಇದ್ದವು. ಕೊನೆಯ ಪುಟದ ಕೆಳಗೆ ಒಂದೇ ಸಾಲು: ‘ಸರಿ, ಪ್ರೀತಿ ಇದೆ. ಇವರಿಬ್ಬರೂ ಏನು ಮಾಡುತ್ತಾರೆ?’

ಸಿಟ್ಟು ಬಂತು. ಪ್ರೀತಿಯ ಕತೆಯಲ್ಲಿ ಪ್ರೀತಿ ಅನ್ನದೆ ಇನ್ನೇನು ಅನ್ನಬೇಕು? ಎರಡು ದಿನ ಬಿಟ್ಟು ಮತ್ತೆ ಓದಿದೆ. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನನ್ನ ನಾಯಕ ಕಿಟಕಿ ಹತ್ತಿರ ಕೂರುತ್ತಾನೆ, ಆಕಾಶ ನೋಡುತ್ತಾನೆ, ಅವಳನ್ನು ನೆನೆಯುತ್ತಾನೆ. ಆಮೇಲೆ ಮತ್ತೆ ಆಕಾಶ. ಎಂಟು ಪುಟದ ಕತೆಯಲ್ಲಿ ಆ ಮನುಷ್ಯನ ಕೈಗೆ ಒಂದು ಕೆಲಸ ಇರಲಿಲ್ಲ.

ಮುಂದಿನ ಕತೆಗೆ ನನಗೆ ನಾನೇ ಒಂದು ಕಟ್ಟು ಹಾಕಿಕೊಂಡೆ. ‘ಪ್ರೀತಿ’ ಬರಕೂಡದು. ಒಲವು, ಅಕ್ಕರೆ, ಅನುರಾಗ ಅಂತ ಹಿಂಬಾಗಿಲಿನಿಂದಲೂ ಬರಕೂಡದು. ಎದೆ ಬಡಿತ, ಕಣ್ಣೀರು ಎರಡೂ ರಜೆಯ ಮೇಲೆ. ಎರಡನೇ ಪುಟಕ್ಕೇ ಕತೆ ನಿಂತುಹೋಯಿತು. ಪ್ರೀತಿ ಇರುವ ಜನ ದಿನವಿಡೀ ಏನು ಮಾಡುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ.

ಆಗ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಕಣ್ಣಿಗೆ ಕಂಡಿದ್ದು, ಕಿವಿಗೆ ಬಿದ್ದಿದ್ದು ಮಾತ್ರ ಬರೆಯಬೇಕು. ಅರ್ಥ ಬರೆಯುವ ಹಾಗಿಲ್ಲ. ಮೊದಲ ತಿಂಗಳು ಆರೋ ಏಳೋ ಸಾಲು ಸಿಕ್ಕಿದ್ದವು, ಅವೂ ಸಾಧಾರಣ. ಆಮೇಲೆ ಒಂದು ದಿನ ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಎದುರಿಗೆ ವಯಸ್ಸಾದ ದಂಪತಿ. ಆಕೆಗೆ ಡ್ರಾಪ್ಸ್ ಹಾಕಿ, ಅರ್ಧ ಗಂಟೆ ಕಣ್ಣು ಮುಚ್ಚಿಕೊಂಡಿರಿ ಅಂತ ಕೂರಿಸಿದ್ದರು. ಪಕ್ಕದಲ್ಲಿ ಕೂತಿದ್ದ ಅವರು ಗೋಡೆ ಮೇಲಿನ ಬೋರ್ಡುಗಳನ್ನು ಒಂದೊಂದಾಗಿ ಆಕೆಗೆ ಓದಿ ಹೇಳಲು ಶುರು ಮಾಡಿದರು. ‘ಸರದಿಯಲ್ಲಿ ಬನ್ನಿ.’ ‘ಮೊಬೈಲ್ ಸೈಲೆಂಟ್‌ನಲ್ಲಿ ಇಡಿ.’ ‘ಬೆಲೆಬಾಳುವ ವಸ್ತುಗಳಿಗೆ ನೀವೇ ಜವಾಬ್ದಾರರು.’ ಎಲ್ಲ ಮುಗಿಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೊದಲಿನಿಂದ ಓದಿದರು.

‘ಅದನ್ನ ಆಗ್ಲೇ ಓದಿದ್ರಿ’ ಅಂದರು ಆಕೆ, ಕಣ್ಣು ಮುಚ್ಚಿಕೊಂಡೇ.

‘ಬದಲಾಯಿಸಿದಾರೇನೋ ಅಂತ ನೋಡ್ದೆ.’

ಆಕೆ ನಕ್ಕರು. ನಾನು ನೋಟ್‌ಬುಕ್ ತೆಗೆದೆ.

ಅದು ಯಾಕೆ ಅಷ್ಟು ಹಿಡಿಸಿತು ಅಂತ ಬಹಳ ದಿನ ಯೋಚಿಸಿದೆ. ಅದನ್ನು ಬೇರೆ ಯಾರಿಗೂ, ಬೇರೆ ಯಾವಾಗಲೂ ಮಾಡಲು ಬರುವುದಿಲ್ಲ. ಆ ಅರ್ಧ ಗಂಟೆಗೆ, ಮುಚ್ಚಿದ ಆ ಎರಡು ಕಣ್ಣಿಗೆ ಮಾತ್ರ ಅಳತೆ ತೆಗೆದು ಹೊಲಿದ ಹಾಗಿತ್ತು. ಗುಲಾಬಿ ಹೂ ಯಾರು ಬೇಕಾದರೂ ಯಾರಿಗೆ ಬೇಕಾದರೂ ಕೊಡಬಹುದು, ಅದಕ್ಕೇ ಕತೆಯಲ್ಲಿ ಅದು ಬಾಡಿದಂತೆ ಕಾಣುತ್ತದೆ. ಇನ್ನೊಂದು ವಿಷಯ: ಅವರು ಯಾರಾದರೂ ನೋಡುತ್ತಿದ್ದಾರಾ ಅಂತ ಆಚೆ ಈಚೆ ನೋಡಲಿಲ್ಲ.

ನಿಂತುಹೋಗಿದ್ದ ಕತೆಗೆ ವಾಪಸ್ ಹೋದೆ. ಮೊದಲ ಕರಡಿನಲ್ಲಿ ಹೀಗಿತ್ತು: ‘ಅವನಿಗೆ ಅವಳೆಂದರೆ ಪ್ರಾಣ. ಅವಳಿಗಾಗಿ ಏನು ಮಾಡಲೂ ಸಿದ್ಧನಿದ್ದ.’ ಕತೆಯಲ್ಲಿ ಅವಳದು ರಾತ್ರಿ ಪಾಳಿ ಕೆಲಸ. ಬೆಳಿಗ್ಗೆ ಬಂದು ಮಲಗುತ್ತಾಳೆ, ಅದೇ ಹೊತ್ತಿಗೆ ಅವನು ಹೊರಡಬೇಕು. ತಿದ್ದಿದ ಮೇಲೆ ಹೀಗಾಯಿತು: ‘ಭಾನುವಾರ ಅವನು ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟ. ಸೋಮವಾರದಿಂದ ಶೂಗಳನ್ನು ಕೈಯಲ್ಲಿ ಹಿಡಿದು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು ಹಾಕಿಕೊಳ್ಳತೊಡಗಿದ.’ ಅಷ್ಟೇ. ಆ ಕತೆ ಅಚ್ಚಾಯಿತು. ‘ಏನು ಮಾಡಲೂ ಸಿದ್ಧ’ ಅನ್ನುವವನು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ ಅನ್ನುವುದು ಅವತ್ತಿನಿಂದ ನನ್ನ ಅಭಿಪ್ರಾಯ.

ಆಮೇಲೆ ಹಳೆಯ ಕಾವ್ಯಗಳನ್ನೂ ಇದೇ ಕಣ್ಣಲ್ಲಿ ಓದಲು ಹಿಡಿದೆ. 10ನೇ ಶತಮಾನದ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಕೃಷ್ಣ ಬಂದು ಕರ್ಣನಿಗೆ ಜನ್ಮದ ಗುಟ್ಟು ಹೇಳಿ, ಪಾಂಡವರ ಕಡೆ ಬಾ ಅನ್ನುತ್ತಾನೆ. ಕರ್ಣ ಒಲ್ಲೆ ಅನ್ನುತ್ತಾನೆ. ಅದಕ್ಕೆ ಅವನು ಎತ್ತಿ ತೋರಿಸುವುದು ಒಂದು ಚಿಕ್ಕ ಸಂಗತಿ. ದುರ್ಯೋಧನನ ಹೆಂಡತಿ ಭಾನುಮತಿಯ ಜೊತೆ ಕರ್ಣ ಪಗಡೆ ಆಡುವಾಗ ಅವಳು ಸೋಲುತ್ತಾಳೆ. ಪಣ ಕೊಡು ಅಂತ ಕಾಡುವ ಎಳೆದಾಟದಲ್ಲಿ ಅವಳ ಮುತ್ತಿನ ಹಾರ ಹರಿದುಹೋಗುತ್ತದೆ. ದುರ್ಯೋಧನ ನೋಡುತ್ತಾನೆ. ಮನಸ್ಸಿನಲ್ಲಿ ಕಿಂಚಿತ್ತೂ ಬೇರೆ ಭಾವನೆ ಇಲ್ಲದೆ, ಇವನ್ನು ಆಯ್ದುಕೊಡಲೇ ಅನ್ನುತ್ತಾನೆ. ‘ನಾನು ನಿನ್ನನ್ನು ನಂಬುತ್ತೇನೆ ಗೆಳೆಯಾ’ ಅಂತ ಹೇಳಿದ್ದರೆ ಅದು ಕರ್ಣನಿಗೆ ಯುದ್ಧದ ಹೊತ್ತಿನವರೆಗೂ ನೆನಪಿರುತ್ತಿತ್ತಾ? ನನಗೆ ಅನುಮಾನ. ಮುತ್ತು ಆಯ್ದುಕೊಡಲೇ ಅಂದ ರಾಜ ನೆನಪಿದ್ದ.

ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲೂ ಉಂಗುರ, ಚೂಡಾಮಣಿ ಎಲ್ಲರಿಗೂ ಗೊತ್ತು. ನನಗೆ ಹೆಚ್ಚು ಇಷ್ಟವಾದದ್ದು ಬೇರೆ. ರಾಮನಿಗೆ ಗುರುತು ಹೇಳು ಅಂತ ಸೀತೆ ಹನುಮಂತನಿಗೆ ಒಂದೆರಡು ಹಳೆಯ ಸಂಗತಿ ಹೇಳಿ ಕಳಿಸುತ್ತಾಳೆ. ಅವಳನ್ನು ಕುಕ್ಕಿದ ಕಾಗೆಯ ಕತೆ ಒಂದು. ಇನ್ನೊಂದು, ತಿಲಕ ಅಳಿಸಿಹೋದಾಗ ರಾಮ ಕಲ್ಲಿನ ಬಣ್ಣದಿಂದ ಅವಳ ಕೆನ್ನೆಯ ಮೇಲೆ ತಿಲಕ ಇಟ್ಟಿದ್ದು. ಒಡವೆಯನ್ನು ಕದಿಯಬಹುದು. ಇಬ್ಬರೇ ಇದ್ದಾಗ ನಡೆದದ್ದನ್ನು ಕದಿಯುವುದು ಹೇಗೆ?

ಹೀಗೆ ಓದಿ ಓದಿ ನನಗೆ ಸ್ವಲ್ಪ ಜಂಬ ಬಂದುಬಿಟ್ಟಿತು. ಮಾತು ಸುಳ್ಳು, ಕೆಲಸವೇ ನಿಜ ಅಂತ ಹೇಳಿಕೊಂಡು ಓಡಾಡುತ್ತಿದ್ದೆ. ಯಾರಾದರೂ ಎದುರು ಮಾತಾಡಿದರೆ ಶೇಕ್ಸ್‌ಪಿಯರ್‌ನ ‘ಕಿಂಗ್ ಲಿಯರ್’ ತೆಗೆಯುತ್ತಿದ್ದೆ. ನನ್ನನ್ನು ಎಷ್ಟು ಪ್ರೀತಿಸುತ್ತೀರಿ ಅಂತ ಮುದುಕ ರಾಜ ಮೂವರು ಹೆಣ್ಣುಮಕ್ಕಳನ್ನು ಕೇಳುತ್ತಾನೆ. ದೊಡ್ಡವರಿಬ್ಬರು ಬಣ್ಣ ಬಣ್ಣದ ಮಾತಾಡಿ ರಾಜ್ಯ ಪಡೆಯುತ್ತಾರೆ. ಕಿರಿಯವಳು ಕಾರ್ಡೀಲಿಯಾ, ಹೇಳಲು ಏನೂ ಇಲ್ಲ ಅನ್ನುತ್ತಾಳೆ. ಕೊನೆಗೆ ಅಪ್ಪನಿಗಾಗಿ ಬರುವವಳು ಅವಳೇ. 1608ರಲ್ಲಿ ಅಚ್ಚಾದ ನಾಟಕ ನನ್ನ ಪರವಾಗಿ ಸಾಕ್ಷಿ ಹೇಳಿದಂತೆ ಇತ್ತು.

ಅದೇ ಹೊತ್ತಿಗೆ ನನ್ನ ಹೆಂಡತಿ ಇಲಾಖಾ ಪರೀಕ್ಷೆಗೆ ಓದುತ್ತಿದ್ದಳು. ಎಂಟು ತಿಂಗಳು. ನಾನು ನನ್ನ ಸಿದ್ಧಾಂತದ ಪ್ರಕಾರ ನಡೆದುಕೊಂಡೆ. ಅವಳ ಸ್ಕೂಟರ್ ಟೈರ್‌ಗೆ ವಾರಕ್ಕೊಮ್ಮೆ ಗಾಳಿ ಹಾಕಿಸುತ್ತಿದ್ದೆ. ಅವಳ ಫೋನ್ ಚಾರ್ಜಿಗೆ ಹಾಕುತ್ತಿದ್ದೆ. ಟೇಬಲ್ ಲ್ಯಾಂಪ್ ಮಿಣಿ ಮಿಣಿ ಅನ್ನುತ್ತಿತ್ತು, ಹೇಳದೆಯೇ ಬಲ್ಬ್ ಬದಲಾಯಿಸಿದೆ. ಸಂಜೆ ನೆಂಟರ ಫೋನ್ ಬಂದರೆ ನಾನೇ ಎತ್ತಿ ಏನೋ ಒಂದು ಹೇಳಿ ಇಡುತ್ತಿದ್ದೆ. ಅವಳು ಪಾಸಾದಳು. ಮನೆಯಲ್ಲಿ ನಾಲ್ಕು ಜನ ಸೇರಿದ್ದಾಗ ಯಾರೋ, ‘ಯಜಮಾನ್ರು ಸಹಾಯ ಮಾಡಿದ್ರಾ?’ ಅಂತ ಕೇಳಿದರು.

‘ಅವ್ರ ಪಾಡಿಗೆ ಅವ್ರಿದ್ರು’ ಅಂದಳು. ಬೇಜಾರಿನಿಂದ ಅಲ್ಲ, ಸುಮ್ನೆ ಇದ್ದದ್ದು ಇದ್ದ ಹಾಗೆ.

ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಕೂತು ಎಲ್ಲ ಹೇಳಿದೆ. ಟೈರು, ಬಲ್ಬು, ಫೋನು, ಒಂದನ್ನೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿದಳು.

‘ಟೈರ್‌ನಲ್ಲಿ ಗಾಳಿ ಇದೆ ಅಂತ ಯಾರಾದ್ರೂ ಗಮನಿಸ್ತಾರಾ? ಇಲ್ದಿದ್ರೆ ತಾನೇ ಗೊತ್ತಾಗೋದು.’

ನನ್ನ ಹತ್ತಿರ ಉತ್ತರ ಇರಲಿಲ್ಲ.

‘ಎಂಟು ತಿಂಗಳಲ್ಲಿ ಒಂದಿನ ಆದ್ರೂ, ಓದು ಹೇಗಾಗ್ತಿದೆ, ಭಯ ಆಗ್ತಿದ್ಯಾ ಅಂತ ಕೇಳಿದ್ರಾ?’

ಕೇಳಿರಲಿಲ್ಲ. ತೊಂದರೆ ಕೊಡಬಾರದು ಅಂತ ಸುಮ್ಮನಿದ್ದೆ ಅಂದುಕೊಂಡಿದ್ದೆ. ಅವಳ ಕಡೆಯಿಂದ ನೋಡಿದರೆ ಅದು ಬರೀ ಸುಮ್ಮನಿರುವುದು.

ಕತೆಗಾರನಾಗಿ ನಾನು ಕಣ್ಣಿಗೆ ಕಟ್ಟಿಕೊಂಡಿದ್ದ ಬಟ್ಟೆ ಆಗ ಬಿಚ್ಚಿತು. ಅವನು ಶೂ ಹಿಡಿದು ಹೊರಗೆ ಹೋಗುವುದನ್ನು ನನ್ನ ಕತೆಯಲ್ಲಿ ಓದುಗ ನೋಡುತ್ತಾನೆ. ಮಲಗಿದ್ದ ಅವಳು ನೋಡಲೇ ಇಲ್ಲ! ಓದುಗನಿಗೆ ತೋರಿಸಿದ್ದೇ ಅವಳಿಗೂ ತಲುಪಿತು ಅಂತ ನಾನು ಹಾಯಾಗಿದ್ದೆ. ಓ. ಹೆನ್ರಿಯ 1905ರ ಆ ಪ್ರಸಿದ್ಧ ಕತೆ ನೆನಪಾಯಿತು. ಗಂಡನ ಗಡಿಯಾರಕ್ಕೆ ಸರಪಳಿ ತರಲು ಅವಳು ಕೂದಲು ಮಾರುತ್ತಾಳೆ, ಅವಳ ಕೂದಲಿಗೆ ಬಾಚಣಿಗೆ ತರಲು ಅವನು ಗಡಿಯಾರ ಮಾರುತ್ತಾನೆ. ಇಬ್ಬರೂ ಗುಟ್ಟಾಗಿಯೇ ಮಾಡಿದ್ದು ಹೌದು. ಆದರೆ ಉಡುಗೊರೆ ಹೊರಗೆ ಬರುತ್ತದೆ, ಕತೆ ನಿಂತಿರುವುದೇ ಆ ಕ್ಷಣದ ಮೇಲೆ. ನಮ್ಮ ಮನೆಯಲ್ಲಿ ಪೊಟ್ಟಣ ಬಿಚ್ಚಿರಲೇ ಇಲ್ಲ. ಕಾರ್ಡೀಲಿಯಾಳನ್ನೂ ಮತ್ತೆ ಓದಿದೆ. ಅವಳ ಪ್ರೀತಿ ನಿಜ, ಸರಿ. ಆದರೆ ಎದುರಿಗೆ ಕೂತವನಿಗೆ ಅದು ಕಾಣುತ್ತಿಲ್ಲ ಅನ್ನುವುದೂ ಅಷ್ಟೇ ನಿಜ ಅಲ್ವಾ? ಇಷ್ಟು ವರ್ಷ ಆ ಸಾಲುಗಳನ್ನು ನನಗೆ ಬೇಕಾದಷ್ಟೇ ಓದಿದ್ದೆ.

ಸರಿ, ಹೇಳುವುದನ್ನು ಕಲಿಯೋಣ ಅಂತ ಹೊರಟೆ. ಮೊದಲ ಪ್ರಯತ್ನ ನಗೆಪಾಟಲಾಯಿತು. ಒಂದು ಸಂಜೆ ಧೈರ್ಯ ಮಾಡಿ, ‘ನಾನು ನಿನ್ನನ್ನು ತುಂಬಾ ಪ್ರೀತಿಸುತ್ತೇನೆ’ ಅಂದೆ. ಡಬ್ಬಿಂಗ್ ಸಿನಿಮಾದ ಹಾಗೆ ಕೇಳಿಸಿತು, ನನಗೇ. ಅವಳು ಗಾಬರಿಯಿಂದ, ‘ಯಾಕೆ, ಡಾಕ್ಟ್ರು ಏನಾದ್ರೂ ಹೇಳಿದ್ರಾ?’ ಅಂದಳು.

ತಪ್ಪು ಪೂರ್ತಿ ನನ್ನದೇ ಅಲ್ಲ. ನಮ್ಮ ದಿನದ ಮಾತಿನಲ್ಲಿ ‘ಪ್ರೀತಿಸುತ್ತೇನೆ’ ಇನ್ನೂ ಪುಸ್ತಕದ ಬಟ್ಟೆ ತೊಟ್ಟುಕೊಂಡೇ ಇದೆ. ನಾವು ‘ನನಗೆ ನೀನು ಇಷ್ಟ’ ಅನ್ನುತ್ತೇವೆ. ಅಲ್ಲಿ ನಾನು ಏನೂ ಮಾಡುತ್ತಿಲ್ಲ, ಅದು ನನಗೆ ಆಗಿಬಿಟ್ಟಿದೆ. ‘ಅವಳ ಮೇಲೆ ಜೀವ ಇಟ್ಟುಕೊಂಡಿದ್ದಾನೆ’ ಅನ್ನುತ್ತೇವೆ, ಜೀವ ಯಾವುದೋ ಸಾಮಾನಿನ ಹಾಗೆ, ಇನ್ನೊಬ್ಬರ ಹತ್ತಿರ ಇಡಬಹುದಾದ್ದು. ನಮ್ಮಪ್ಪ ಇದ್ಯಾವುದನ್ನೂ ಅಂದವರಲ್ಲ. ಫೋನಿನಲ್ಲಿ ವಿಷಯ ಮುಗಿದ ಮೇಲೆ ‘ಮತ್ತೆ?’ ಅನ್ನುತ್ತಿದ್ದರು. ಮತ್ತೇನಿಲ್ಲ ಅಂದರೆ, ಸ್ವಲ್ಪ ಬಿಟ್ಟು ಇನ್ನೊಂದು ಸಲ, ‘ಮತ್ತೆ?’ ಹೇಳಲು ಇಬ್ಬರಿಗೂ ಏನೂ ಇರುತ್ತಿರಲಿಲ್ಲ. ಇಡಲೂ ಮನಸ್ಸಿಲ್ಲ. ಅದು ನೋಟ್‌ಬುಕ್ಕಿನಲ್ಲಿ ಒಂದು ಇಡೀ ಪುಟ ಇದೆ.

ಅದರಿಂದಲೇ ದಾರಿ ಸಿಕ್ಕಿತು. ದೊಡ್ಡ ಪದ ಬಿಟ್ಟು ಚಿಕ್ಕ ವಿವರ ಹಿಡಿದೆ. ‘ನೀನು ಒಳ್ಳೆಯವಳು’ ಅನ್ನುವ ಬದಲು, ‘ನಿನ್ನೆ ಅಮ್ಮ ಒಂದೇ ವಿಷಯ ಮೂರು ಸಲ ಹೇಳಿದ್ರಲ್ಲ, ಮೂರೂ ಸಲ ನೀನು ಹೊಸದಾಗಿ ಕೇಳಿದ ಹಾಗೆ ಕೇಳಿದೆ’ ಅಂದೆ. ಅವಳು ಏನೂ ಅನ್ನಲಿಲ್ಲ. ಆದರೆ ಕೈಯಲ್ಲಿದ್ದ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು. ಕತೆ ತಿದ್ದುವ ಕೆಲಸವೇ ಇದು. ಕಂಡದ್ದನ್ನು ಹೇಳು, ಅರ್ಥ ಅವರಿಗೆ ಬಿಡು.

ಕೇಳಿಸಿಕೊಳ್ಳುವುದು ಹೇಳುವುದಕ್ಕಿಂತ ಕಷ್ಟ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೊಸದಾಗಿ ಮದುವೆಯಾದವರನ್ನು ಗಮನಿಸಿ ಒಂದು ಲೆಕ್ಕ ಕೊಟ್ಟಿದ್ದಾರೆ. ಸಂಗಾತಿ ಏನೋ ತೋರಿಸುತ್ತಾರೆ, ಏನೋ ಹೇಳುತ್ತಾರೆ, ಗಮನ ಕೇಳುವ ಒಂದು ಸಣ್ಣ ಕರೆ ಅದು. 6 ವರ್ಷದ ನಂತರವೂ ಜೊತೆಗಿದ್ದವರು ಅಂಥ ಕರೆಗಳಲ್ಲಿ ಶೇ. 86ಕ್ಕೆ ಓಗೊಟ್ಟಿದ್ದರಂತೆ. ಬೇರೆಯಾದವರು ಶೇ. 33ಕ್ಕೆ. ಇದನ್ನು ಓದಿದ ಭಾನುವಾರ ನನ್ನನ್ನು ನಾನೇ ಎಣಿಸಿಕೊಂಡೆ. ಸಂಜೆಯೊಳಗೆ ಅವಳು 11 ಸಲ ‘ಇಲ್ನೋಡಿ’ ಅಂದಿದ್ದಳು. ನಾನು ತಲೆ ಎತ್ತಿದ್ದು 4 ಸಲ. ಅದರಲ್ಲಿ ಒಂದು ಸಲ ಎಣಿಸುತ್ತಿದ್ದೇನೆ ಅಂತ ನೆನಪಾಗಿ ಎತ್ತಿದ್ದು. ಉಳಿದ 7 ಸಲ ಬರೆಯುತ್ತಿದ್ದೆ. ಏನು ಬರೆಯುತ್ತಿದ್ದೆ ಅಂದರೆ, ಪ್ರೀತಿಯ ಕತೆ.

ಈಗ ಬರವಣಿಗೆಯೂ ಸ್ವಲ್ಪ ಬದಲಾಗಿದೆ. ನನ್ನ ಪಾತ್ರಗಳಿಗೆ ಮಾತಾಡಲು ಬಿಡುತ್ತೇನೆ. ಚೆನ್ನಾಗಿ ಮಾತಾಡಲು ಬಿಡುವುದಿಲ್ಲ, ಅದು ಬೇರೆ. ತಡವರಿಸಬೇಕು, ತಪ್ಪು ಹೊತ್ತಿನಲ್ಲಿ ಹೇಳಬೇಕು, ಬೇರೆ ಯಾವುದೋ ವಿಷಯದ ನಡುವೆ ಹೇಳಿಬಿಡಬೇಕು. ಬಾಗಿಲಿಗೆ ಎಣ್ಣೆ ಬಿಟ್ಟವನ ಕತೆಯನ್ನು ಸಂಕಲನಕ್ಕೆ ಸೇರಿಸುವಾಗ ಕೊನೆಯಲ್ಲಿ ಎರಡು ಸಾಲು ಸೇರಿಸಿದೆ. ಒಂದು ದಿನ ಅವಳು ಕೇಳುತ್ತಾಳೆ, ‘ಈ ಬಾಗಿಲು ಮುಂಚೆ ಸದ್ದು ಮಾಡ್ತಿತ್ತಲ್ವಾ?’ ಅವನು ‘ಹ್ಞೂಂ, ನಾನೇ ಎಣ್ಣೆ ಬಿಟ್ಟೆ’ ಅನ್ನುತ್ತಾನೆ. ಒಬ್ಬ ಗೆಳೆಯರು, ಕತೆ ಹಾಳಾಯಿತು, ಮೊದಲಿದ್ದದ್ದೇ ಚೆನ್ನಾಗಿತ್ತು ಅಂದರು. ಇರಬಹುದು. ನಾನು ತೆಗೆಯಲಿಲ್ಲ.

ನೋಟ್‌ಬುಕ್ ಈಗ ಮೇಜಿನ ಮೇಲೆ ತೆರೆದೇ ಇರುತ್ತದೆ. ಮೊನ್ನೆ ಏನೋ ಹುಡುಕಲು ಹಾಳೆ ತಿರುಗಿಸಿದರೆ ಅದರಲ್ಲಿ ನನ್ನದಲ್ಲದ ಕೈಬರಹ. ಕಂಡಿದ್ದನ್ನು ಮಾತ್ರ ಬರೆಯಬೇಕು ಅನ್ನುವ ನಿಯಮ ಅವಳಿಗೂ ಗೊತ್ತಿತ್ತು ಅಂತ ಕಾಣುತ್ತದೆ:

‘ಬೆಳಿಗ್ಗೆ ಸ್ಕೂಟರ್‌ಗೆ ಗಾಳಿ ಹಾಕಿಸಿಕೊಂಡು ಬಂದರು. ಬಂದು ಹೇಳಿದರು. ಸಂಜೆ ಇನ್ನೊಂದು ಸಲ ಹೇಳಿದರು.’