ಸೇಜ್‌ಮ್ಯಾಥ್‌ನಲ್ಲಿ ಆರ್ ಅನ್ನು ಐಚ್ಛಿಕ ಮಾಡಿದ ಬಗೆ: ನನ್ನ ಅನುಭವ

ಕಾರವಾರದ ನಮ್ಮ ಲ್ಯಾಬಿನಲ್ಲಿ ಸೇಜ್ (ಸೇಜ್‌ಮ್ಯಾಥ್ ಎಂಬ ಮುಕ್ತ ಗಣಿತ ತಂತ್ರಾಂಶ) ಬಳಕೆಯಾಗುವುದು ಸಂಖ್ಯಾಸಿದ್ಧಾಂತಕ್ಕೆ, ಗ್ರೂಪ್ ಥಿಯರಿಗೆ. ನಾನು ಈ ಕೆಲಸ ಮಾಡಿದಾಗ, ಸೋರ್ಸ್ ಕೋಡಿನಿಂದ ಬಿಲ್ಡ್ ಮಾಡಿದರೆ ಜೊತೆಗೆ ಸಂಖ್ಯಾಶಾಸ್ತ್ರದ ಭಾಷೆಯಾದ ಆರ್ ಕೂಡ ಬರುತ್ತಿತ್ತು. ಅದಕ್ಕೋ ಫೋರ್ಟ್ರಾನ್ ಕಂಪೈಲರ್, ರೀಡ್‌ಲೈನ್, ಕರ್ಲ್, ಪಿಸಿಆರ್‌ಇ2 ಎಲ್ಲ ಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ಬೇಡದ್ದನ್ನು ಕಂಪೈಲ್ ಮಾಡಿಸುವುದು ದಂಡ. ಹಾಗಾಗಿ ಸೇಜ್ ಕೋಡಿನ ನಮ್ಮ ಶಾಖೆಯಲ್ಲಿ (ಗಿಟ್ ಬ್ರಾಂಚ್) ಆರ್ ಅನ್ನು ಐಚ್ಛಿಕ, ಅಂದರೆ ಬೇಕಾದವರು ಮಾತ್ರ ಹಾಕಿಕೊಳ್ಳುವಂತೆ, ಮಾಡಿದೆ.

ಮೊದಲ ಬದಲಾವಣೆ ಒಂದೇ ಪದದ್ದು. ಬಿಲ್ಡ್ ಫೋಲ್ಡರಿನ ಪಿಕೆಜಿಎಸ್ ಒಳಗೆ ಪ್ರತಿ ಪ್ಯಾಕೇಜಿಗೂ 'ಟೈಪ್' ಎಂಬ ಫೈಲಿದೆ. ಅದರಲ್ಲಿನ 'ಸ್ಟ್ಯಾಂಡರ್ಡ್' ಅಳಿಸಿ 'ಆಪ್ಷನಲ್' ಎಂದು ಬರೆಯಬೇಕು. ಆರ್ ಒಂದಕ್ಕೇ ಮಾಡಿ ಬಿಟ್ಟರೆ ಏನೂ ಆಗದು: ಪೈಥಾನ್ ಕೊಂಡಿಯಾದ ಆರ್‌ಪಿವೈ2 ಸ್ಟ್ಯಾಂಡರ್ಡ್ ಆಗಿಯೇ ಉಳಿದು, ತನ್ನ 'ಡಿಪೆಂಡೆನ್ಸೀಸ್' ಫೈಲಿನ ಮೂಲಕ ಆರ್ ಅನ್ನು ಎಳೆದು ತರುತ್ತದೆ. ಎರಡನ್ನೂ ಬದಲಿಸಿ. ಬೇರೆ ಯಾವ ಪ್ಯಾಕೇಜಿನ ಡಿಪೆಂಡೆನ್ಸೀಸ್‌ನಲ್ಲಿ ಇವುಗಳ ಹೆಸರಿದೆ ಎಂದು ಗ್ರೆಪ್ ಎಂಬ ಹುಡುಕು ಆದೇಶದಿಂದ ನೋಡಿ, ಸೇಜ್‌ನ ಸ್ವಂತ ಪೈಥಾನ್ ಲೈಬ್ರರಿಯಾದ ಸೇಜ್‌ಲಿಬ್‌ನದನ್ನು ಮರೆಯಬೇಡಿ. ಬಳಿಕ ಬಿಲ್ಡ್‌ನ ಆದೇಶಗಳನ್ನು ಈ ಕ್ರಮದಲ್ಲಿ ಓಡಿಸಿ: ಬೂಟ್‌ಸ್ಟ್ರಾಪ್, ಕಾನ್ಫಿಗರ್, ಮೇಕ್.

ನಿಜವಾದ ಕೆಲಸ ಸೇಜ್‌ನ ಪೈಥಾನ್ ಕೋಡಿನದು. ಸೇಜ್ ಶುರುವಾಗುವಾಗಲೇ ಲೋಡ್ ಆಗುವ ಮಾಡ್ಯೂಲಿನ ತಲೆಯಲ್ಲಿ ಆರ್‌ಪಿವೈ2ರ ನೇರ ಇಂಪೋರ್ಟ್ ಒಂದಿದ್ದರೂ ಸಾಕು, ಆರ್ ಇಲ್ಲದ ಯಂತ್ರದಲ್ಲಿ ಸೇಜ್ ಏಳುವುದೇ ಇಲ್ಲ. ಅಂಥವನ್ನು ಲೇಜಿ ಇಂಪೋರ್ಟ್‌ಗೆ (ಬಳಸುವ ಹೊತ್ತಿಗಷ್ಟೇ ಲೋಡ್ ಆಗುವ ಬಗೆ) ತಿರುಗಿಸಿ, ಫೀಚರ್ ಎಂಬ ಆರ್ಗ್ಯುಮೆಂಟ್ ಕೊಡಬೇಕು. ಆಗ ಬಳಕೆದಾರ ಆರ್ ಕೇಳಿದಾಗ ಮಾತ್ರ ದೋಷ ಬರುತ್ತದೆ, ಯಾವ ಪ್ಯಾಕೇಜ್ ಹಾಕಬೇಕೆಂಬುದೂ ಅದರಲ್ಲೇ ಇರುತ್ತದೆ. ಬರಿಯ ಇಂಪೋರ್ಟ್ ಎರರ್ ಕಂಡ ವಿದ್ಯಾರ್ಥಿ ಸೇಜೇ ಕೆಟ್ಟಿದೆ ಅಂದುಕೊಳ್ಳುತ್ತಾನೆ. ಯಾವ ಪ್ಯಾಕೇಜ್ ಇದೆ ಎಂದು ಸೇಜ್ ನೋಡಿಕೊಳ್ಳುವ ಫೀಚರ್‌ಗಳ ಪಟ್ಟಿಯಲ್ಲೂ ಆರ್‌ಪಿವೈ2ರ ಟೈಪ್ ಬದಲಿಸಿ.

ಡಾಕ್‌ಟೆಸ್ಟ್‌ಗಳಿಗೆ, ಅಂದರೆ ಕೋಡಿನ ವಿವರಣೆಯಲ್ಲಿರುವ ಉದಾಹರಣೆಗಳನ್ನೇ ಓಡಿಸಿ ನೋಡುವ ಪರೀಕ್ಷೆಗಳಿಗೆ, ತಾಳ್ಮೆ ಬೇಕು. ಆರ್ ಕರೆಯುವ ಸಾಲಿಗಷ್ಟೇ 'ಆಪ್ಷನಲ್' ಟ್ಯಾಗ್ ಹಾಕಿದರೆ, ಆ ಸಾಲಿನಲ್ಲಿ ಹುಟ್ಟಿದ ಚಲಕವನ್ನು ಬಳಸುವ ಮುಂದಿನ ಸಾಲು ನೇಮ್ ಎರರ್ ಕೊಡುತ್ತದೆ. ಟ್ಯಾಗನ್ನು ಬ್ಲಾಕಿನ ಮೇಲೆ ಒಂಟಿ ಸಾಲಾಗಿ ಬರೆದರೆ ಖಾಲಿ ಸಾಲು ಬರುವ ತನಕ ಅನ್ವಯಿಸುತ್ತದೆ. ಪೂರ್ತಿ ಆರ್‌ಗೇ ಮೀಸಲಾದ ಫೈಲಿಗೆ ಆರಂಭದಲ್ಲೇ ಒಂದು ಟ್ಯಾಗ್ ಸಾಕು.

ಪರೀಕ್ಷೆಯಲ್ಲಿ ಮೋಸಹೋಗುವುದು ಹಳೆಯ ಬಿಲ್ಡ್‌ನಿಂದ. ಮೊದಲೇ ಇನ್‌ಸ್ಟಾಲ್ ಆಗಿದ್ದ ಐಚ್ಛಿಕ ಪ್ಯಾಕೇಜನ್ನು ಸೇಜ್ ಹಾಗೆಯೇ ಉಳಿಸಿಕೊಳ್ಳುತ್ತದೆ, ಆದ್ದರಿಂದ ಎಲ್ಲ ಟೆಸ್ಟ್ ಪಾಸಾಗುತ್ತವೆ. ಡೆಬಿಯನ್ ಲಿನಕ್ಸ್‌ನ ಆರ್ ಯಂತ್ರದಲ್ಲಿ ಮೊದಲೇ ಇದ್ದರೆ ಕಾನ್ಫಿಗರ್ ಅದನ್ನೂ ಹಿಡಿಯಬಹುದು. ಹೊಸ ವರ್ಕ್‌ಟ್ರೀ (ಕೋಡಿನ ಪ್ರತ್ಯೇಕ ಪ್ರತಿ) ತೆಗೆದು, ಆರ್ ಇಲ್ಲದ ಯಂತ್ರದಲ್ಲಿ ಬಿಲ್ಡ್ ಮಾಡಿ. ಅಷ್ಟು ಸಮಯವಿಲ್ಲದಿದ್ದರೆ ಟೆಸ್ಟ್ ಆದೇಶಕ್ಕೆ 'ಹೈಡ್' ಆಯ್ಕೆಯಲ್ಲಿ ಆರ್‌ಪಿವೈ2 ಕೊಟ್ಟರೆ ಅದು ಇಲ್ಲವೆಂದೇ ಸೇಜ್ ನಟಿಸುತ್ತದೆ. ಬಿಲ್ಡ್‌ನ ಲೋಪವನ್ನು ಮಾತ್ರ ಇದು ತೋರಿಸದು.