ಹಳೆಯ ಒಡವೆ ಪೆಟ್ಟಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕಬೇಡಿ

ಹಳೆಯ ಒಡವೆ ಪೆಟ್ಟಿಗೆ ಕೈಗೆ ಬಂದ ಕೂಡಲೇ ನಮ್ಮ ಹೆಣ್ಣುಮಕ್ಕಳು ಅದನ್ನು ಹೊಸದು ಮಾಡಲು ಹೊರಡುತ್ತಾರೆ. ಹಿತ್ತಾಳೆಯದಾದರೆ ಹುಣಸೆಹಣ್ಣು, ಕಟ್ಟಿಗೆಯದಾದರೆ ವಾರ್ನಿಶ್, ಒಳಗಿನ ಮಖಮಲ್ಲು ಹರಿದಿದ್ದರೆ ಕಿತ್ತು ಬೇರೆಯದು. ದಯವಿಟ್ಟು ಈ ಮೂರನ್ನೂ ಮಾಡಬೇಡಿ. ಹುಬ್ಬಳ್ಳಿ-ಧಾರವಾಡದಲ್ಲಿ ಸಂಸಾರ ಮಾಡುತ್ತಲೇ ಇಂಥ ಪೆಟ್ಟಿಗೆಗಳನ್ನು ಕೂಡಿಹಾಕುತ್ತ ಬಂದವಳಾಗಿ ಹೇಳುತ್ತೇನೆ: ಬೆರಳು ತಾಗಿ ತಾಗಿ ಸವೆದ ಮುಚ್ಚಳದ ಅಂಚು, ಮೂಲೆಯಲ್ಲಿ ಉಳಿದ ಕುಂಕುಮದ ಕೆಂಪು, ಎಂದೋ ಯಾವನೋ ಬಡಿಗ ಬದಲಿಸಿ ಕೂರಿಸಿದ ಬಿಜಾಗರಿ, ಪೆಟ್ಟಿಗೆಯ ಬೆಲೆ ಇರುವುದೇ ಇವುಗಳಲ್ಲಿ. ಇವನ್ನು ಅಳಿಸಿದ ಮೇಲೆ ಉಳಿಯುವುದು ಬರಿಯ ಡಬ್ಬಿ.

ಕೊಳ್ಳಲು ಹೊರಡುವ ಮೊದಲು ಮನೆಯನ್ನೇ ಹುಡುಕಿ. ಬೋರಮಾಳ, ಗುಂಡಿನ ಸರ, ಬುಗುಡಿ, ಪಾಟಲಿ, ಬಿಲ್ವಾರಗಳು ಬ್ಯಾಂಕಿನ ಲಾಕರ್ ಸೇರಿದ ಮೇಲೆ ಅವು ಇದ್ದ ಪೆಟ್ಟಿಗೆ ದೇವರ ಜಗಲಿಯ ಮೇಲೆ ವಿಭೂತಿ, ಊದುಬತ್ತಿ ಇಟ್ಟುಕೊಂಡು ಕುಳಿತಿರುತ್ತದೆ, ಇಲ್ಲವೇ ಅಟ್ಟದ ಮೇಲೆ ಸೂಜಿ, ದಾರ, ಗುಂಡಿಗಳನ್ನು ತುಂಬಿಕೊಂಡಿರುತ್ತದೆ. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯನ್ನೂ ಕಡೆಗಣಿಸಬೇಡಿ. ಎಷ್ಟೋ ಮನೆಗಳ ಬಂಗಾರ ಮಲಗಿದ್ದು ಅದರಲ್ಲಿಯೇ. ಪೇಟೆಯಲ್ಲಾದರೆ ಹುಬ್ಬಳ್ಳಿಯ ದುರ್ಗದಬೈಲ್, ಕಂಚಗಾರ ಗಲ್ಲಿಯ ಸುತ್ತಲಿನ ಹಳೆಯ ಪಾತ್ರೆಯ ಅಂಗಡಿಗಳಲ್ಲಿ ವಿಚಾರಿಸಿ. ಹಿತ್ತಾಳೆ ಪೆಟ್ಟಿಗೆಯನ್ನು ತೂಕಕ್ಕೆ ಹಾಕಿ ಸ್ಟೀಲ್ ಪಾತ್ರೆ ತೆಗೆದುಕೊಳ್ಳುವವರು ಇಂದಿಗೂ ಇದ್ದಾರೆ. ತೂಕಕ್ಕೆ ಬಿದ್ದದ್ದು ಕರಗಿ ಹೋಗುತ್ತದೆ, ಆದ್ದರಿಂದ ಅಂಗಡಿಯವರಿಗೆ ಮೊದಲೇ ಹೇಳಿಟ್ಟಿರಬೇಕು. ಹಳೆಯ ವಾಡೆಗಳನ್ನು ಕೆಡವುವ ಸುದ್ದಿ ಬಂದರೆ ತಡಮಾಡಬೇಡಿ. ಮಾರುವವರು ಒಡವೆ ಪೆಟ್ಟಿಗೆ ಎಂದು ಕೊಡುವುದರಲ್ಲಿ ಎಲೆ-ಅಡಿಕೆಯ ಪೆಟ್ಟಿಗೆಗಳೂ ಇರುತ್ತವೆ. ಒಳಗೆ ಸಣ್ಣ ಬಟ್ಟಲುಗಳು ಕೂರುವ ಮನೆಗಳಿದ್ದು, ಸಂದಿಯಲ್ಲಿ ಸುಣ್ಣದ ಬಿಳುಪು ಕಂಡರೆ ಅದು ತಾಂಬೂಲದ್ದು. ಚೆನ್ನಾಗಿದ್ದರೆ ಅದನ್ನೂ ಕೊಳ್ಳಿ, ಆದರೆ ತಾಂಬೂಲದ ಬೆಲೆಗೆ ಕೊಳ್ಳಿ.

ಸರಾಫರು ಒಡವೆಯ ಜೊತೆಗೆ ಕೊಡುತ್ತಿದ್ದ ಮಖಮಲ್ಲಿನ ಸಣ್ಣ ಪೆಟ್ಟಿಗೆಗಳ ಮೇಲೆ ನನಗೆ ವಿಶೇಷ ಪ್ರೀತಿ. ಅಗ್ಗಕ್ಕೆ ಸಿಗುತ್ತವೆ, ಜಾಗ ಬೇಡುವುದಿಲ್ಲ, ತಮ್ಮ ವಯಸ್ಸನ್ನು ತಾವೇ ಹೇಳುತ್ತವೆ. ಮುಚ್ಚಳದ ಒಳಗಿನ ರೇಷ್ಮೆಯ ಮೇಲೆ ಅಂಗಡಿಯ ಹೆಸರು, ವಿಳಾಸ ಅಚ್ಚಾಗಿರುತ್ತದೆಯಲ್ಲ, ಅದನ್ನು ಕನ್ನಡಕ ಹಾಕಿಕೊಂಡು ಓದಿ. ಆರು ಅಂಕಿಯ ಪಿನ್ ಕೋಡ್ ಇದ್ದರೆ ಪೆಟ್ಟಿಗೆ 1972ರ ಆಗಸ್ಟ್‌ಗಿಂತ ಈಚಿನದು, ಏಕೆಂದರೆ ಪಿನ್ ಕೋಡ್ ಬಂದದ್ದೇ ಆಗ. ಗದಗ ಅಥವಾ ಹಾವೇರಿಯ ಅಂಗಡಿಯಾಗಿದ್ದು ಕೆಳಗೆ ಜಿಲ್ಲೆ ಧಾರವಾಡ ಎಂದಿದ್ದರೆ 1997ಕ್ಕಿಂತ ಹಿಂದಿನದು, ಆ ವರ್ಷ ಎರಡೂ ಬೇರೆ ಜಿಲ್ಲೆಗಳಾದವು. ಮುಂಬಯಿ ಪ್ರಾಂತ ಎಂದೋ ಮುಂಬಯಿ ರಾಜ್ಯ ಎಂದೋ ಇದ್ದರೆ 1956ರ ಏಕೀಕರಣದ ಆಚೆಗೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಧಾರವಾಡದ ಕೊನೆಗೆ ಡಿ ಬದಲು ಆರ್ ಅಕ್ಷರ ಇದ್ದರೆ ಅದು ಬ್ರಿಟಿಷರ ಕಾಲದ ಬರವಣಿಗೆಯ ರೂಢಿ. ಆದರೆ ಹಳೆಯ ಅಂಗಡಿಗಳು ಹಳೆಯ ಅಚ್ಚನ್ನೇ ಬಹಳ ಕಾಲ ಮುಂದುವರಿಸಿದ್ದೂ ಉಂಟು, ಇದೊಂದನ್ನೇ ನಂಬಬೇಡಿ. ಒಳಗೆ ಬೆಲೆಯ ಚೀಟಿ ಉಳಿದಿದ್ದು ಆಣೆಯಲ್ಲಿ ಲೆಕ್ಕ ಬರೆದಿದ್ದರೆ ಬಹುಮಟ್ಟಿಗೆ 1957ಕ್ಕಿಂತ ಮೊದಲಿನದೆಂದು ತಿಳಿಯಬಹುದು, ಆ ವರ್ಷದ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂತು. ತಳಕ್ಕೆ ಹಾಸಿದ ಸುದ್ದಿಪತ್ರಿಕೆಯನ್ನೂ ಎಸೆಯಬೇಡಿ. ಅದರ ತಾರೀಖು ಪೆಟ್ಟಿಗೆ ಹುಟ್ಟಿದ ದಿನವಲ್ಲ, ಆ ಹೊತ್ತಿಗೆ ಪೆಟ್ಟಿಗೆ ಬಳಕೆಯಲ್ಲಿತ್ತು ಎಂಬುದಕ್ಕೆ ಸುಳಿವು ಅಷ್ಟೇ. ಸುದ್ದಿಪತ್ರಿಕೆಯ ಕಾಗದ ತಾಗಿದರೆ ಬೆಳ್ಳಿ ಕಪ್ಪಾಗಬಹುದಾದ್ದರಿಂದ ಅದರ ಮೇಲೊಂದು ತೆಳು ಹತ್ತಿಬಟ್ಟೆ ಹಾಸಿ.

ಕಟ್ಟಿಗೆಯ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ನೋಡಿ ಕೊಳ್ಳಬೇಕು. ಮೂಲೆಯಲ್ಲಿ ಹಲಗೆಗಳನ್ನು ಒಂದರೊಳಗೊಂದು ಕೂರಿಸಲು ಕೈಯಿಂದ ಕೊರೆದ ಹಲ್ಲುಗಳು ಒಂದರಂತೆ ಒಂದು ಇರುವುದಿಲ್ಲ. ಸ್ಕ್ರೂ ತಲೆಯ ಗೀರು ನಟ್ಟನಡುವೆ ಇಲ್ಲದೆ ಸ್ವಲ್ಪ ಪಕ್ಕಕ್ಕಿದ್ದರೆ ಅದು ಹಳೆಯ ಕೈಕೆಲಸದ ಲಕ್ಷಣ. ಕೂಡಿಸುವ ಚಿಹ್ನೆಯಂತೆ ಅಡ್ಡ-ಉದ್ದ ಗೀರಿರುವ ಸ್ಕ್ರೂಗಳು ಬಂದದ್ದು 1930ರ ದಶಕದಲ್ಲಿ, ನೂರೈವತ್ತು ವರ್ಷ ಹಳೆಯದು ಎಂದು ಹೇಳಿದ ಪೆಟ್ಟಿಗೆಯಲ್ಲಿ ಅವು ಕಂಡರೆ ಒಂದೋ ದುರಸ್ತಿಯಾಗಿದೆ, ಇಲ್ಲವೇ ಮಾತು ಸುಳ್ಳು. ಈಗ ಹೊಸ ಹಿತ್ತಾಳೆಗೆ ಕಪ್ಪು ಹಚ್ಚಿ ಹಳೆಯದೆಂದು ಮಾರುವುದು ಹೆಚ್ಚಾಗಿದೆ. ಅಂಥದರಲ್ಲಿ ಕೊಳೆ ಎಲ್ಲ ಕಡೆ ಒಂದೇ ಸಮ ಇರುತ್ತದೆ. ನಿಜವಾಗಿ ಬಳಸಿದ ಪೆಟ್ಟಿಗೆ ಬೆರಳು ತಾಗುವಲ್ಲಿ ಹೊಳೆದು, ತಾಗದ ಮೂಲೆಯಲ್ಲಿ ಕಪ್ಪಾಗಿರುತ್ತದೆ. ಗಂಧದ ಪೆಟ್ಟಿಗೆಯನ್ನು ಹೊರಗಿನಿಂದ ಮೂಸಿ ಮೋಸ ಹೋಗಬೇಡಿ. ಎಣ್ಣೆ ಸವರಿದ ಬೇರೆ ಮರವೂ ಹೊರಗೆ ಘಮ್ಮೆನ್ನುತ್ತದೆ. ಸಾಗರ, ಸೊರಬದ ಗುಡಿಗಾರರ ಹಳೆಯ ಗಂಧದ ಪೆಟ್ಟಿಗೆಗಳಲ್ಲಿ ಹೊರಮೈ ವಾಸನೆ ಸೋತಿದ್ದರೂ ಮುಚ್ಚಿಟ್ಟು ತೆರೆದಾಗ ಒಳಗಿನದು ಮೂಗಿಗೆ ಬರುತ್ತದೆ.

ಬಿಳಿಯ ಕೆತ್ತನೆಯ ಪೆಟ್ಟಿಗೆ ಕಂಡರೆ ಎಚ್ಚರ. ಒಂದನ್ನೊಂದು ಕತ್ತರಿಸುವ ಸಣ್ಣ ಗೆರೆಗಳ ಜಾಲ ಕಂಡರೆ ಆನೆದಂತ, ಕಪ್ಪು ಚುಕ್ಕೆಗಳಿದ್ದರೆ ಎಲುಬು, ಬೆರಳಿನಿಂದ ತಿಕ್ಕಿ ಬಿಸಿ ಮಾಡಿದಾಗ ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಆನೆದಂತವನ್ನು ಕೊಳ್ಳುವುದು, ಮಾರುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಎಷ್ಟೇ ಚೆಂದವಿರಲಿ, ಮುಟ್ಟಬೇಡಿ. ಸೆಲ್ಯುಲಾಯ್ಡ್ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ, ಹಳತಾದಂತೆ ಆವಿ ಬಿಟ್ಟು ಪಕ್ಕದ ಲೋಹವನ್ನು ಕೆಡಿಸುತ್ತದೆ, ದೀಪದಿಂದಲೂ ಬೇರೆ ಪೆಟ್ಟಿಗೆಗಳಿಂದಲೂ ದೂರವಿಡಿ. ಇನ್ನೊಂದು ಮಾತು, ನೂರು ವರ್ಷ ದಾಟಿದ ಕಲಾವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ಅಡಿಗೆ ಬರುತ್ತದೆ. ಹೊರದೇಶದ ಮಗಳ ಚೀಲದಲ್ಲಿ ಅಂಥದನ್ನು ಇಟ್ಟು ಕಳಿಸುವಂತಿಲ್ಲ.

ಇನ್ನು ಶುಚಿ ಮಾಡುವುದು. ಮೆತ್ತನೆಯ ಬಣ್ಣದ ಕುಂಚದಿಂದ ಧೂಳು ಕೊಡವಿ, ಒಣ ಹತ್ತಿಬಟ್ಟೆಯಿಂದ ಒರೆಸಿ. ಮುಕ್ಕಾಲು ಪಾಲು ಪೆಟ್ಟಿಗೆಗಳಿಗೆ ಇಷ್ಟೇ ಸಾಕು. ಹುಣಸೆಯ ಹುಳಿ ಸಂದಿಯಲ್ಲಿ ಉಳಿದು ಹಸಿರು ಕಿಲುಬು ತರಿಸುತ್ತದೆ, ನಯವಾದ ಕೆತ್ತನೆಯನ್ನು ತಿನ್ನುತ್ತದೆ. ಬಿದರಿ ಪೆಟ್ಟಿಗೆಗಂತೂ ಅದನ್ನು ತೋರಿಸಲೂ ಬೇಡಿ, ಬೀದರಿನ ಕುಶಲಕರ್ಮಿ ಕೋಟೆಯ ಮಣ್ಣಿನಿಂದ ತಂದ ಕಪ್ಪು ಹೊರಟುಹೋಗುತ್ತದೆ. ಅದಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಕೂಡಲೇ ಒರೆಸಿ ತೆಗೆದರೆ ಮುಗಿಯಿತು. ಸಾಗವಾನಿ, ಬೀಟೆಗೆ ವರ್ಷಕ್ಕೊಮ್ಮೆ ತೆಳುವಾಗಿ ಜೇನುಮೇಣ ಹಚ್ಚಿ. ಕೀಲಿಕೈ ಕಳೆದಿದ್ದರೆ ಕೀಲಿ ಒಡೆಯಬೇಡಿ. ಪೇಟೆಯಲ್ಲಿ ಕುಳಿತ ಕೀಲಿಕೈ ಮಾಡುವವರಿಗೆ ಪೆಟ್ಟಿಗೆಯನ್ನೇ ಒಯ್ದು ಕೊಡಿ, ಮಾಡುವಾಗ ಎದುರಿಗೆ ನಿಂತಿರಿ. ಬಿಗಿದ ಕೀಲಿಗೆ ಎಣ್ಣೆಗಿಂತ ಪೆನ್ಸಿಲ್ ಸೀಸದ ಪುಡಿ ಮೇಲು, ಅಂಟು ಕೂಡುವುದಿಲ್ಲ.

ಧಾರವಾಡದ ಮಳೆಗಾಲ ಈ ಪೆಟ್ಟಿಗೆಗಳಿಗೆ ಶತ್ರು. ಗದಗದ ಒಣಹವೆಯಲ್ಲಿ ಸಡಿಲವಾಗಿದ್ದ ಮುಚ್ಚಳ ಇಲ್ಲಿ ಜುಲೈನಲ್ಲಿ ಉಬ್ಬಿ ತೆರೆಯುವುದೇ ಇಲ್ಲ. ಆಗ ಚಾಕು ಹಾಕಿ ಮೀಟಬೇಡಿ, ಕಾಯಿರಿ. ಹೊರಗೋಡೆಗೆ ತಾಗಿಸಿ ಇಡಬೇಡಿ, ಬಿಸಿಲಿಗೂ ಒಡ್ಡಬೇಡಿ. ನೆರಳಿನಲ್ಲಿ ಗಾಳಿಯಾಡಿದರೆ ಸಾಕು. ಹುಳು ಹತ್ತಿದ ಅನುಮಾನವಿದ್ದರೆ ಬಿಳಿ ಕಾಗದದ ಮೇಲಿಟ್ಟು ಮೆಲ್ಲಗೆ ತಟ್ಟಿ. ಹೊಸ ಹಿಟ್ಟು ಉದುರಿದರೆ ಹುಳು ಜೀವಂತವಿದೆ. ಕೆತ್ತಿ ಬೇರೇನನ್ನೂ ಕೂರಿಸದ, ಅರಗು ಹಚ್ಚದ ಸಾದಾ ಕಟ್ಟಿಗೆಯ ಸಣ್ಣ ಪೆಟ್ಟಿಗೆಯಾದರೆ ಎರಡು ಪದರ ಪಾಲಿಥಿನ್‌ನಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ, ತೆಗೆದ ಮೇಲೆ ಒಂದು ಇಡೀ ದಿನ ಬಿಚ್ಚಬೇಡಿ. ಉಳಿದ ಕಾಲದಲ್ಲಿ ಬಟ್ಟೆಯಲ್ಲಿ ಕಟ್ಟಿದ ಬಜೆಯ ತುಂಡು ಪಕ್ಕದಲ್ಲಿರಲಿ. ಬೆಳ್ಳಿ ಇಡುವುದಾದರೆ ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಒಳಗೆ ಬರಕೂಡದು. ಅವುಗಳಲ್ಲಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಮುತ್ತು ಉಸಿರುಗಟ್ಟುವ ಪ್ಲಾಸ್ಟಿಕ್ ಚೀಲದಲ್ಲಿ ಇರಬಾರದು, ಮೆತ್ತನೆಯ ಮಲ್ಲಿನ ಬಟ್ಟೆಯಲ್ಲಿ ಸುತ್ತಿ.

ಪ್ರತಿ ಪೆಟ್ಟಿಗೆಯೊಳಗೂ ಒಂದು ಚೀಟಿ ಇರಲೇಬೇಕು: ಯಾರ ಮನೆಯದು, ಯಾವ ಊರು, ಯಾರ ಮದುವೆಗೆ ಬಂದದ್ದು, ಒಳಗೆ ಏನಿರುತ್ತಿತ್ತು. ಪೆನ್ಸಿಲ್‌ನಲ್ಲಿ ಬರೆಯಿರಿ, ಅಂಟಿಸಬೇಡಿ, ಸುಮ್ಮನೆ ಮಡಿಸಿಡಿ. ಕೊಂಡು ತಂದದ್ದಾದರೆ ಮಾರಿದವರನ್ನು ಅಲ್ಲೇ ನಿಲ್ಲಿಸಿ ಕೇಳಿ, ಮನೆಯದಾದರೆ ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ. ನಾಗರ ಪಂಚಮಿಗೆ ಅತ್ತೆಯರು, ಅಕ್ಕಂದಿರು ತವರಿಗೆ ಬಂದು ಉಂಡಿ ಕಟ್ಟಲು ಕುಳಿತಾಗ ಪೆಟ್ಟಿಗೆಯನ್ನು ನಡುವೆ ಇಡಿ. ನಾಲ್ವರು ನಾಲ್ಕು ಬಗೆಯಾಗಿ ಹೇಳುತ್ತಾರೆ, ನಾಲ್ಕನ್ನೂ ಬರೆದುಕೊಳ್ಳಿ.